ಅಂಜಿಕೆಗೂ ಒಂದು ಅಳತೆ ಬೇಕು

ಮಾಳಿಗೆಯ ಮೇಲೆ ಸೋಲಾರ್ ಫಲಕ ಕೂರಿಸಲು ಒಪ್ಪುವವರೂ ಅದರ ಬ್ಯಾಟರಿಯನ್ನು ಮನೆಯೊಳಗಿಡಲು ಅಂಜುತ್ತಾರೆ. ರೇಡಿಯೇಶನ್ ಬರುತ್ತದಂತೆ, ಮನೆಯಲ್ಲಿ ಮಕ್ಕಳಿದ್ದಾರೆ ಎಂಬ ಆತಂಕ. 2024ರ ಪಿಎಂ ಸೂರ್ಯಘರ್ ಯೋಜನೆ 1 ಕೋಟಿ ಮನೆಗಳ ಗುರಿ ಇಟ್ಟುಕೊಂಡಿರುವಾಗ ಈ ಅಂಜಿಕೆಯನ್ನು ತೂಗಿ ನೋಡಲೇಬೇಕು.

ಸೀಸದ್ದಿರಲಿ, ಲಿಥಿಯಂನದಿರಲಿ, ಬ್ಯಾಟರಿಯಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ. ಅದು ಪರಮಾಣುವಿನ ಬೀಜವನ್ನು ಮುಟ್ಟುವುದಿಲ್ಲ. ಎಕ್ಸ್‌ರೇಯಂತೆ ಜೀವಕೋಶವನ್ನು ಕೆಡಿಸುವ ವಿಕಿರಣ ಅಲ್ಲಿ ಹುಟ್ಟುವುದಿಲ್ಲ. ಇನ್ವರ್ಟರಿನ ಸುತ್ತ ಕಾಂತಕ್ಷೇತ್ರ ಇರುವುದು ನಿಜ. ಮಿಕ್ಸರ್, ಫ್ಯಾನುಗಳ ಸುತ್ತಲೂ ಅದು ಇದೆ. 50 ಹರ್ಟ್ಝ್ ಕ್ಷೇತ್ರಕ್ಕೆ 2010ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಜನಸಾಮಾನ್ಯರಿಗೆ ಹಾಕಿದ ಮಿತಿ 200 ಮೈಕ್ರೊಟೆಸ್ಲಾ. ಉಪಕರಣದಿಂದ ನಾಲ್ಕು ಹೆಜ್ಜೆ ಸರಿದರೆ ಆ ಮಿತಿಯ ಅಲ್ಪ ಪಾಲಷ್ಟೇ ಉಳಿಯುತ್ತದೆ. ಇಂಥ ಕ್ಷೇತ್ರ ಕ್ಯಾನ್ಸರಿಗೆ ಕಾರಣವಾಗಬಹುದೇನೋ ಎಂಬ ಶಂಕೆಯ ಪಟ್ಟಿಗೆ 2002ರಲ್ಲಿ ಸೇರಿದೆಯಾದರೂ ಅದಕ್ಕಿರುವ ಪುರಾವೆ ಸೀಮಿತ. ಇನ್ವರ್ಟರನ್ನು ಮಂಚದ ತಲೆದೆಸೆಗೆ ಇಡದಿದ್ದರೆ ಸಾಕು.

ನಿಜವಾದ ವಿಕಿರಣದ ಭಯ ಬೇರೆ ಕಡೆ ಇದೆ. ಗೋಕುಳ ಶಿರಗಾಂವದಂಥ ಔದ್ಯೋಗಿಕ ವಸಾಹತುಗಳ ಫೌಂಡ್ರಿಗಳು ಗುಜರಿ ಲೋಹ ಕರಗಿಸಿ ಬದುಕುತ್ತವೆ. ಗುಜರಿಯಲ್ಲಿ ಏನು ಬೆರೆತಿರುತ್ತದೆಂದು ಕಣ್ಣಿಗೆ ಕಾಣದು. 2008ರಲ್ಲಿ ಭಾರತದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಇರುವುದು ಫ್ರಾನ್ಸಿನಲ್ಲಿ ಪತ್ತೆಯಾಯಿತು. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಅದೇ ಕೋಬಾಲ್ಟ್ ಒಬ್ಬ ಕಾರ್ಮಿಕನ ಜೀವ ತೆಗೆಯಿತು. ವಿಕಿರಣ ಮಾಪಕ ಇರಬೇಕಾದದ್ದು ಗುಜರಿ ಬರುವ ಗೇಟಿನಲ್ಲಿ, ನಮ್ಮ ಪಡಸಾಲೆಯಲ್ಲಲ್ಲ.

ಹಾಗೆಂದು ಬ್ಯಾಟರಿ ನಿರಪಾಯವಲ್ಲ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಒಂದು ಕಿಡಿ ಸಾಕು. ಲಿಥಿಯಂ ಬ್ಯಾಟರಿ ಕೆಟ್ಟು ಕಾವೇರಿದರೆ ಬೆಂಕಿ ಆರಿಸುವುದು ಕಷ್ಟ. ಹಳೆಯ ಬ್ಯಾಟರಿಯನ್ನು ಬಯಲಲ್ಲಿ ಒಡೆದು ಸೀಸ ಕರಗಿಸುವುದು ಇವೆಲ್ಲಕ್ಕಿಂತ ಕ್ರೂರ: ಅದರ ಹೊಗೆ, ಧೂಳು ಮಕ್ಕಳ ಮಿದುಳಿಗೇ ತಾಗುತ್ತದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜಿಸಿತು. ಮಕ್ಕಳಿಗಾಗಿ ವಿಕಿರಣಕ್ಕೆ ಹೆದರುವವರು ಹಳೆಯ ಬ್ಯಾಟರಿಯನ್ನು ಯಾರು ಹೆಚ್ಚು ಹಣ ಕೊಡುತ್ತಾರೋ ಅವರಿಗೆ ಕೊಟ್ಟುಬಿಡುವುದು ಎಂಥ ವಿವೇಕ?

ಬಳಸಿದ ಬ್ಯಾಟರಿಯ ಸಂಗ್ರಹ, ಮರುಬಳಕೆಯ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಡಿ, ತಿಳಿದವರಿಂದಲೇ ವೈರಿಂಗ್ ಮಾಡಿಸಿ, ಹಳೆಯದನ್ನು ಅಧಿಕೃತ ಅಂಗಡಿಗೇ ಹಿಂತಿರುಗಿಸಿ. ಇಷ್ಟು ಮಾಡಿದವರು ವಿಕಿರಣದ ಚಿಂತೆಯನ್ನು ಬಿಟ್ಟುಬಿಡಬಹುದು.