ಲಕ್ಷ್ಯ ಯಾರ ಸ್ವತ್ತು?

‘ನಿಮ್ಮ ಲಕ್ಷ್ಯ ಎಲ್ಲಿರತೈತ್ರಿ?’ ನಮ್ಮ ಚಿಕ್ಕೋಡಿ ಸೀಮೆಯ ಮನೆಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಹೆಚ್ಚಿನವರಿಗೆ ಅದು ಸಣ್ಣ ಗದರಿಕೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇರುವವರಿಗೆ ಬಾಲ್ಯದಿಂದ ಬೆನ್ನು ಬಿಡದ ಆರೋಪ. ಇದು ಮಕ್ಕಳ ತುಂಟತನ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 12 ವರ್ಷದೊಳಗೆ ಕಾಣಿಸಿಕೊಳ್ಳುವ ಈ ತೊಂದರೆ ಬಹಳ ಜನರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಕುಣಿದಾಟ ಹೋಗುತ್ತದೆ, ಒಳಗಿನ ಚಡಪಡಿಕೆ, ಮರೆವು, ಹಿಡಿದ ಕೆಲಸ ಮುಗಿಯದ ಸಂಕಟ ಹೋಗುವುದಿಲ್ಲ.

ಅಂಥವರು 2020ರ ಮಾರ್ಚ್‌ವರೆಗೆ, ಕೊರೊನಾ ಲಾಕ್‌ಡೌನ್ ಬರುವ ತನಕ, ಹೇಗೆ ಸಂಸಾರ ತೂಗಿಸಿದರು? ಊರೇ ಅವರನ್ನು ನಡೆಸುತ್ತಿತ್ತು ಎಂಬುದು ನನ್ನ ಉತ್ತರ. ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಲೆಕ್ಕ ಬರೆಯುವವನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಳೂವರೆ ಬಸ್ಸಿನ ಅವಸರ ಅವನನ್ನು ಎಬ್ಬಿಸುತ್ತದೆ. ಸಾವಕಾರರ ಕಣ್ಣು, ಹನ್ನೊಂದರ ಚಹಾ, ರೈತರ ಗದ್ದಲ, ಕಾದು ನಿಂತ ಲಾರಿ ಅವನ ಮನಸ್ಸನ್ನು ಮತ್ತೆ ಮತ್ತೆ ಎಳೆದು ತಂದು ವಹಿಯ ಮುಂದೆ ಕೂಡಿಸುತ್ತವೆ. ಮಾರ್ಚ್ 25ರಿಂದ ಬಸ್ಸಿಲ್ಲ, ಪೇಟೆಯಿಲ್ಲ, ವಾರದ ಸಂತೆಯಿಲ್ಲ. ಅದೇ ಮನುಷ್ಯ ಮನೆಯಲ್ಲಿ ವಹಿ ಬಿಚ್ಚಿದ. ಎರಡು ಸಾಲು ಬರೆದ. ಫೋನ್ ನೋಡಿದ. ನೀರು ಕುಡಿಯಲು ಎದ್ದವನು ಕಪಾಟಿನ ಹಳೇ ರಸೀದಿ ಜೋಡಿಸುತ್ತ ಕೂತ. ಒಲೆಯ ಮೇಲೆ ಹಾಲು ಉಕ್ಕಿತು. ಸಂಜೆಗೂ ವಹಿಯಲ್ಲಿ ಅವೇ ಎರಡು ಸಾಲು. ‘ಇಡೀ ದಿವಸ ಮನ್ಯಾಗ ಕುಂತು ಏನ್ ಮಾಡಿದ್ರಿ?’ ಎಂದು ಹೆಂಡತಿ ಕೇಳಿದರೆ ಅವನಲ್ಲೂ ಉತ್ತರವಿಲ್ಲ. ತಾನು ಯಾವ ಕೆಲಸಕ್ಕೂ ಬಾರದವನು ಎಂಬ ಯೋಚನೆ ಬೆಳತನಕ ನಿದ್ದೆಗೊಡುವುದಿಲ್ಲ. ಆತಂಕ, ಖಿನ್ನತೆ ಒಳಗೆ ಕಾಲಿಡುವುದು ಇಂಥ ರಾತ್ರಿಗಳಲ್ಲಿ.

ಲಾಕ್‌ಡೌನ್‌ನಲ್ಲಿ ಎಲ್ಲರ ಮನಸ್ಸೂ ಚದುರಿತ್ತು, ಇದಕ್ಕೊಂದು ಹೆಸರೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆ ತಿಂಗಳುಗಳಲ್ಲಷ್ಟೇ ಚದುರಿದ ಮನಸ್ಸು ಎಡಿಎಚ್‌ಡಿ ಅಲ್ಲ. ವೈದ್ಯರು ಬಾಲ್ಯದ ಕಥೆ ಕೆದಕಿ ಕೇಳುವುದು ಅದಕ್ಕೇ. ಆದರೆ ಮೊದಲೇ ಆಸರೆಯ ಮೇಲೆ ನಿಂತವನಿಗೂ ಉಳಿದವರಿಗೂ ಬಿದ್ದ ಪೆಟ್ಟು ಒಂದೇ ಅಲ್ಲ. ಅಥಣಿಯಲ್ಲಿ ಮನೆಯೊಳಗೇ ಚಪ್ಪಲಿ ಹೊಲಿಯುವವನಿಗೆ ಗಿರಾಕಿ ತಪ್ಪಿದರೂ ಕೈಯಲ್ಲಿ ಚರ್ಮ, ಉಳಿ ಇದ್ದವು. ಗುಮಾಸ್ತನ ಕೈಯಲ್ಲಿ ಏನೂ ಉಳಿಯಲಿಲ್ಲ. ಊರುಗೋಲು ಕಿತ್ತುಕೊಂಡು, ಬಿದ್ದವನನ್ನು ಮೈಗಳ್ಳ ಎಂದೆವು. ಅದು ಅನ್ಯಾಯ.

ಗಡಿಯವರಿಗೆ ಇನ್ನೊಂದು ಕಷ್ಟ. ಕಾಗವಾಡ, ಅಥಣಿ, ರಾಯಬಾಗದವರಿಗೆ ದೊಡ್ಡ ದವಾಖಾನೆ ಎಂದರೆ ಮಹಾರಾಷ್ಟ್ರದ ಮಿರಜ, ನಿಪ್ಪಾಣಿಯವರಿಗೆ ಕೊಲ್ಹಾಪುರ. ಕೊಗನೊಳ್ಳಿಯಲ್ಲೂ ಕಾಗವಾಡದಲ್ಲೂ ಚೆಕ್‌ಪೋಸ್ಟ್ ಕಾವಲು ಬಿಗಿಯಾದಾಗ, ‘ಲಕ್ಷ್ಯ ನಿಲ್ಲುವುದಿಲ್ಲ’ ಎಂಬ ಕಾರಣ ಹೇಳಿ ಯಾರು ಗಡಿ ದಾಟಿಯಾರು? ಈ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯಂತೂ ವೈದ್ಯರ ಚೀಟಿಯಿಲ್ಲದೆ ಕೊಡುವಂಥದ್ದಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರ.

ಮನೆಯಲ್ಲಿ ಅಂಥವರಿದ್ದರೆ ‘ಲಕ್ಷ್ಯ ಎಲ್ಲೈತಿ’ ಎಂದು ಕೇಳುವ ಬದಲು ಅರ್ಧ ತಾಸು ಪಕ್ಕದಲ್ಲಿ ಕೂತುಕೊಳ್ಳಿ, ಕೆಲಸ ಸಾಗಬಹುದು. ಸಂಕಟ ಹೆಚ್ಚಾದರೆ 14416ಕ್ಕೆ ಫೋನ್ ಮಾಡಿಸಿ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು.