ರದ್ದಿಗೆ ಹೋದ ಐದನೇ ಅಧ್ಯಾಯ

ಬಿಇ ಕೊನೇ ವರ್ಷದಲ್ಲಿ ನಾವು ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಿದ್ವಿ. ಮೊಬೈಲಿಂದ ಮಿಸ್ಡ್ ಕಾಲ್ ಕೊಟ್ಟರೆ ತೋಟದ ಬೋರ್‌ವೆಲ್ ಮೋಟರ್ ಆನ್ ಆಗಬೇಕು, ಅಷ್ಟೇ. ಈ ಐಡಿಯಾ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು ಅಂದ್ರೆ ಅಪ್ಪ ಟಾರ್ಚ್ ಹಿಡಿದು, ಹಾವು-ಚೇಳು ನೋಡ್ಕೊಂಡು ತೋಟಕ್ಕೆ ಹೋಗ್ತಿದ್ದದ್ದನ್ನು ಕಂಡು ಬೆಳೆದವನು ನಾನು.

ಲ್ಯಾಬಿನಲ್ಲಿ ಜಾಣ ಹುಡುಗನ ಹಾಗೆ ಕೆಲಸ ಮಾಡಿದ ನಮ್ಮ ಸರ್ಕ್ಯೂಟು ಊರಲ್ಲಿ ಮೂರೇ ದಿನಕ್ಕೆ ಕೈಕೊಟ್ಟಿತು. ವೋಲ್ಟೇಜ್ ಬಿದ್ದಾಗಲೆಲ್ಲ ರಿಲೇ ಪಟಪಟ ಬಡಿದುಕೊಂಡು, ಕಿಡಿ ಹಾರಿ, ಕಾಂಟ್ಯಾಕ್ಟುಗಳು ಬೆಸೆದುಕೊಂಡವು. ಮೋಟರ್ ಆಫೇ ಆಗಲಿಲ್ಲ. ಅದು ಯಾಕೆ ಹಾಗಾಯ್ತು, ಹೇಗೆ ಸರಿ ಮಾಡಿದ್ವಿ ಅಂತ ರಿಪೋರ್ಟಿನ ಐದನೇ ಅಧ್ಯಾಯದಲ್ಲಿ ಬರೆದ್ವಿ. ಕಪ್ಪು ರೆಕ್ಸಿನ್ ಬೈಂಡಿಂಗ್, ಮೇಲೆ ಚಿನ್ನದ ಬಣ್ಣದ ಅಕ್ಷರ. ವೈವಾ ಹತ್ತು ನಿಮಿಷದಲ್ಲಿ ಮುಗೀತು.

ಕೆಲವು ವರ್ಷ ಬಿಟ್ಟು ಕಾಲೇಜಿಗೆ ಹೋದಾಗ ಲ್ಯಾಬಿನಲ್ಲಿ ಮೂವರು ಹುಡುಗರು ತಲೆ ಮೇಲೆ ಕೈ ಹೊತ್ತು ಕೂತಿದ್ರು. ಅದೇ ಪ್ರಾಜೆಕ್ಟು, ಅದೇ ಬೆಸೆದುಕೊಂಡ ರಿಲೇ! ನಮ್ಮ ರಿಪೋರ್ಟ್ ನೋಡಲಿಲ್ವಾ ಅಂತ ಕೇಳಿದೆ. ಅಟೆಂಡರ್ ನಕ್ಕರು: ‘ಎಲ್ಲಿಯ ರಿಪೋರ್ಟು ಸಾರ್? ಬೀರುವಿನಲ್ಲಿ ಜಾಗ ಇಲ್ಲ ಅಂತ ಆಗಲೇ ರದ್ದಿಗೆ ಹಾಕಿದ್ರಲ್ಲ.’

ಅದೇ ಕಾಲೇಜಿನಲ್ಲಿ ಡಿಜಿಟಲ್ ಲೈಬ್ರರಿ ಇದೆ. ಮೇಷ್ಟ್ರುಗಳ ಪೇಪರ್‌ಗಳಿವೆ, ಹಳೇ ಪ್ರಶ್ನೆಪತ್ರಿಕೆಗಳಿವೆ. ವಿದ್ಯಾರ್ಥಿ ಬರೆದದ್ದು ಮಾತ್ರ ಒಂದೂ ಇಲ್ಲ. ನನ್ನ ಜಗಳ ಇರೋದು ಇದರ ಬಗ್ಗೆ.

ಒಳ್ಳೇದನ್ನು ಒಳ್ಳೇದು ಅನ್ನಲೇಬೇಕು. ಪಿಎಚ್‌ಡಿ ಮಹಾಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೊಡಲೇಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ಮಾಡಿತು. ಅದರಿಂದಾಗಿ ಇವತ್ತು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ದೇಶದ ಲಕ್ಷಾಂತರ ಮಹಾಪ್ರಬಂಧಗಳು ಬಿಟ್ಟಿಯಾಗಿ ಓದೋಕೆ ಸಿಗ್ತವೆ. ನಮ್ಮ ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ತನ್ನ ಇ-ಪ್ರಿಂಟ್ಸ್ ಭಂಡಾರ ಶುರು ಮಾಡಿತ್ತು. ಹಾಗಾದ್ರೆ ಜ್ಞಾನ ಅನ್ನೋದು ಪಿಎಚ್‌ಡಿಯಿಂದ ಮೇಲಕ್ಕೆ ಮಾತ್ರ ಹುಟ್ಟುತ್ತಾ?

ಕ್ಲಾಡ್ ಶಾನನ್ 1937ರಲ್ಲಿ ಎಂಐಟಿಯಲ್ಲಿ ಬರೆದದ್ದು ಪಿಎಚ್‌ಡಿ ಅಲ್ಲ, ಮಾಸ್ಟರ್ಸ್ ಪ್ರಬಂಧ. ಆಗ ಅವನಿಗೆ 21 ವರ್ಷ. ರಿಲೇ ಸರ್ಕ್ಯೂಟುಗಳನ್ನು ಬೂಲಿಯನ್ ಬೀಜಗಣಿತದಲ್ಲಿ ಬರೆಯಬಹುದು ಅಂತ ಅದರಲ್ಲಿ ತೋರಿಸಿದ. ಇವತ್ತಿನ ಡಿಜಿಟಲ್ ಸರ್ಕ್ಯೂಟ್ ವಿನ್ಯಾಸ ನಿಂತಿರೋದು ಆ ಅಡಿಪಾಯದ ಮೇಲೆ. ಎಂಐಟಿಯ ಭಂಡಾರದಲ್ಲಿ ಅದನ್ನು ಈಗಲೂ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ನಮ್ಮ ಐದನೇ ಅಧ್ಯಾಯ ಆ ಮಟ್ಟದ್ದು ಅಂತ ಹೇಳ್ತಿಲ್ಲ, ಅಷ್ಟು ಸೊಕ್ಕು ನನಗಿಲ್ಲ. ಆದರೆ ಯಾವುದು ಯಾರಿಗೆ ಬೇಕಾಗುತ್ತೆ ಅಂತ ರದ್ದಿಯವನ ತಕ್ಕಡಿ ತೀರ್ಮಾನ ಮಾಡಬಾರದು.

ಇಂಜಿನಿಯರಿಂಗ್ ಬಿಡಿ. ಕನ್ನಡ ಎಂಎ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕಾಗಿ ಊರೂರು ಸುತ್ತಿ ಅಜ್ಜಿಯರ ಹಾಡು, ಊರ ಹೆಸರಿನ ಕಥೆ, ಕುಂಬಾರರ ಮಾತು ಬರೆದುಕೊಂಡು ಬರ್ತಾರೆ. ಹಾಡಿದ ಅಜ್ಜಿ ತೀರಿಕೊಂಡ ಮೇಲೆ ಆ ಹಾಡು ಉಳಿದಿರೋದು ಆ ನಲವತ್ತು ಪುಟದಲ್ಲಿ ಮಾತ್ರ. ಅದನ್ನೂ ತೂಕಕ್ಕೆ ಹಾಕ್ತೀವಿ.

‘ನೆಟ್ಟಲ್ಲಿ ಹಾಕಿದ್ರೆ ಹುಡುಗರು ಕಾಪಿ ಹೊಡೀತಾರೆ’ ಅಂತಾರೆ. ಸ್ವಾಮಿ, ಈಗೇನು ಹೊಡೀತಿಲ್ವಾ? ರಿಪೋರ್ಟ್ ಸಮೇತ ಪ್ರಾಜೆಕ್ಟ್ ಮಾರೋ ಅಂಗಡಿಗಳು ಬೀದಿಗೊಂದಿವೆ. ಕತ್ತಲಲ್ಲಿ ನಡೆಯೋ ಕಳ್ಳತನಕ್ಕೆ ದೀಪ ಹಚ್ಚೋದು ಪರಿಹಾರವೋ, ಇರೋ ದೀಪ ಆರಿಸೋದೋ? ಹಳೇ ರಿಪೋರ್ಟ್‌ಗಳೆಲ್ಲ ತೆರೆದಿದ್ದರೆ ಕದ್ದದ್ದು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತೆ.

‘ಗುಣಮಟ್ಟ ಇರಲ್ಲ’ ಅನ್ನೋದು ಇನ್ನೊಂದು ವಾದ. ಗುಣಮಟ್ಟ ಇಲ್ಲದ್ದಕ್ಕೆ ನೀವೇ ಅಲ್ವಾ ಸಹಿ ಹಾಕಿ ಮಾರ್ಕ್ಸ್ ಕೊಟ್ಟದ್ದು? ನಾಳೆ ಊರೆಲ್ಲ ಓದುತ್ತೆ ಅಂತ ಗೊತ್ತಿದ್ದರೆ ಬರೆಯೋ ಹುಡುಗನೂ ಸಹಿ ಹಾಕೋ ಗೈಡೂ ಒಂದು ಸಲ ಜಾಸ್ತಿ ನೋಡ್ತಾರೆ.

ದುಡ್ಡಿಲ್ಲ ಅನ್ನೋ ಮಾತನ್ನಂತೂ ಆಡಲೇಬೇಡಿ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ತಂತ್ರಾಂಶ ಉಚಿತ. ಶೋಧಗಂಗಾ ನಡೆಯೋದೂ ಅದರಲ್ಲೇ. ಒಂದು ರಿಪೋರ್ಟು 5 ಎಂಬಿ ಅಂದ್ಕೊಂಡ್ರೂ ಸಾವಿರ ರಿಪೋರ್ಟಿಗೆ 5 ಜಿಬಿ. ನನ್ನ ಕೀ ಚೈನಿನಲ್ಲಿರೋ ಪೆನ್‌ಡ್ರೈವ್‌ನಲ್ಲಿ ಅದಕ್ಕಿಂತ ಜಾಸ್ತಿ ಸಿನಿಮಾ ಇವೆ.

ಆದರೆ ಕನ್ನಡದ್ದನ್ನು ಹಾಕುವಾಗ ಯೂನಿಕೋಡಿನಲ್ಲೇ ಹಾಕಿ. ಶೋಧಗಂಗಾದ ಎಷ್ಟೋ ಕನ್ನಡ ಮಹಾಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಹಳೇ ಫಾಂಟಿನ ಪಿಡಿಎಫ್‌ಗಳು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಗೀಚು. ‘ರಾಗಿ’ ಅಂತ ಹುಡುಕಿದರೆ ಒಳಗಿರೋ ರಾಗಿ ಸಿಗಲ್ಲ. ಇದ್ದೂ ಇಲ್ಲದ ಹಾಗೆ.

ಮೇಷ್ಟ್ರೇ, ನಾಲ್ಕು ಬೈಂಡಿಂಗ್ ಪ್ರತಿ ಕೇಳೋ ಬದಲು ಎರಡು ಕೇಳಿ, ಜೊತೆಗೊಂದು ಫೈಲ್ ಇಸ್ಕೊಳ್ಳಿ. ಹುಡುಗರ ಒಪ್ಪಿಗೆ ಪಡೆದು ಲೈಬ್ರರಿಗೆ ಕೊಡಿ. ಕೆಲಸ ಇಷ್ಟೇ.

ನಮ್ಮ ನಾಲ್ವರಲ್ಲಿ ಒಬ್ಬನ ಅಟ್ಟದ ಮೇಲೆ ಹಳೇ ಸಿಡಿ ಸಿಕ್ತು. ಓಪನ್ ಆಯ್ತು. ಆ ಮೂವರು ಹುಡುಗರಿಗೆ ಐದನೇ ಅಧ್ಯಾಯ ಕಳಿಸಿದೆ. ವಾರದೊಳಗೆ ಅವರ ಮೋಟರ್ ಆಫ್ ಆಯ್ತಂತೆ. ಕಾಲೇಜಿಗೂ ಒಂದು ಪ್ರತಿ ಬೇಕಾದ್ರೆ ಕೇಳಲಿ, ಇವತ್ತೇ ಕಳಿಸ್ತೀನಿ.