ಒಂಟಿ ಗಾಳ, ಜೋಡಿ ಗಾಳ

ಕನ್ನಡ ಪಾಠ ಹೇಳುವವನಿಗೆ ಮೀನಿನ ಗಾಳದ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆಯನ್ನು ನಾನಾಗಿ ತಂದುಕೊಂಡದ್ದಲ್ಲ. ಈ ಬೇಸಿಗೆಯ ಒಂದು ಭಾನುವಾರ ಚನ್ನಪಟ್ಟಣಕ್ಕೆ ಸಮೀಪದ ಕೆರೆಯೊಂದರ ಏರಿಯ ಮೇಲೆ ನನ್ನ ಹಳೆಯ ಗಾಳವನ್ನು ಹಿಡಿದು ಕುಳಿತಿದ್ದೆ. ತೂಬಿನ ಬಳಿ ಇಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ವಯಸ್ಸಾದವರು, ಅವರದು ಒಂದೇ ಗಾಳ. ಇನ್ನೊಬ್ಬ ಮೂವತ್ತರ ಆಸುಪಾಸಿನ ತರುಣ. ಎಡಕ್ಕೊಂದು ಬಲಕ್ಕೊಂದು, ಎರಡು ಗಾಳಗಳನ್ನು ಹೂಡಿದ್ದ. "ಒಬ್ಬನಿಗೆ ಎರಡು ಜಾಗ ಏಕೆ?" ಎಂದು ಹಿರಿಯರು. "ದೇವರು ಕೈ ಎರಡು ಕೊಟ್ಟಿಲ್ಲವೆ?" ಎಂದು ತರುಣ. ಕೊನೆಗೆ ಇಬ್ಬರೂ ನನ್ನತ್ತ ತಿರುಗಿ, "ಮೇಷ್ಟ್ರು ಹೇಳಲಿ" ಎಂದರು. ಇಷ್ಟು ವರ್ಷ ತರಗತಿಯಲ್ಲಿ ತಡವರಿಸದೆ ಮಾತನಾಡಿಕೊಂಡು ಬಂದವನು ಅಂದು ತಡವರಿಸಿದೆ. "ಮುಂದಿನ ಭಾನುವಾರ ಹೇಳುತ್ತೇನೆ" ಎಂದು ಎದ್ದು ಬಂದೆ. ಆ ಒಂದು ವಾರದಲ್ಲಿ ಯೋಚಿಸಿದ್ದು ಇದು.

ಮೊದಲಿಗೆ ಒಂದು ಮಾತು. ಈ ಪ್ರಶ್ನೆ ಹುಟ್ಟುವುದು ಕೆರೆಯಲ್ಲಿ, ಹೊಳೆಯಲ್ಲಲ್ಲ. ನಮ್ಮ ಅರ್ಕಾವತಿ ಮಾಗಡಿ ಸೀಮೆಯ ಮಂಚನಬೆಲೆಯನ್ನು ದಾಟಿ, ರಾಮನಗರ ಕನಕಪುರಗಳನ್ನು ಹಾಯ್ದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗಿನ ಕಾವೇರಿಯ ಮಡುಗಳು ಬಿಳಿಮೀನಿಗೆ, ಎಂದರೆ ಮಹಶೀರ್ ಮೀನಿಗೆ, ಹೆಸರಾದವು. ಈ ಮೀನಿನ ಬಲವೆಷ್ಟೆಂಬುದಕ್ಕೆ ಒಂದು ಲೆಕ್ಕ: 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತು. ಅಂಥದು ಕಚ್ಚಿದಾಗ ಎರಡನೆಯ ಗಾಳದ ನೆನಪೂ ಬಾರದು. ತನ್ನ ಕಾಲು ನೆಲದ ಮೇಲಿದೆಯೆಂಬ ನೆನಪಿದ್ದರೆ ಸಾಕು. ಆ ಕಾಲ ಮುಗಿಯಿತು. 1987ರಲ್ಲಿ ಆ ಭಾಗ ವನ್ಯಧಾಮವಾಯಿತು. 2010ರ ದಶಕದ ಆರಂಭದಲ್ಲಿ ಅಲ್ಲಿನ ಗಾಳದ ಶಿಬಿರಗಳೂ ನಿಂತವು. ಕಾವೇರಿಯ ಗೂನುಬೆನ್ನಿನ ಮಹಶೀರ್ ತೀರ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು 2018ರಲ್ಲಿ ಸೇರಿತು. ಹೀಗಾಗಿ ಗಾಳದ ಹವ್ಯಾಸಿಗಳಿಗೆ ಉಳಿದಿರುವುದು ನಿಂತ ನೀರು: ಚನ್ನಪಟ್ಟಣ ತಾಲ್ಲೂಕಿನಲ್ಲಿ 1946ರಲ್ಲಿ ತಲೆಯೆತ್ತಿದ ಕಣ್ವ ಜಲಾಶಯದಂಥವು, ಇಗ್ಗಲೂರಿನ ಅಣೆಕಟ್ಟಿನಿಂದ ನೀರೆತ್ತಿ ತುಂಬಿಸಿದ ಮೇಲೆ ಜೀವ ಬಂದ ಊರ ಕೆರೆಗಳು. ಹರಿಯುವ ನೀರು ಗಾಳವನ್ನು ಎಳೆದಾಡಿಸುತ್ತದೆ. ಮನುಷ್ಯ ಬಿಡುವಿಲ್ಲದೆ ಅದನ್ನು ಕಾಯಬೇಕು. ನಿಂತ ನೀರಿನಲ್ಲಿ ಬೆಂಡು ಇಟ್ಟಲ್ಲಿಯೇ ಕೂರುತ್ತದೆ. ಮನುಷ್ಯನ ಕೈ ಖಾಲಿಯಾಗುತ್ತದೆ. ಖಾಲಿ ಕೈ ಇನ್ನೊಂದು ಗಾಳವನ್ನು ಹುಡುಕುತ್ತದೆ.

ಇನ್ನು ಜೋಡಿ ಗಾಳದವರ ವಾದವನ್ನು ಕೇಳೋಣ; ಅದು ಹಗುರವಾದ ವಾದವಲ್ಲ. ನಮ್ಮ ಕೆರೆಗಳಿಗೆ ಸಾಮಾನ್ಯವಾಗಿ ಬಿಡುವ ಮೂರು ಮೀನುಗಳು ಮೂರು ಅಂತಸ್ತಿನ ಮನೆಯಲ್ಲಿ ಬಾಳುವ ಅಣ್ಣತಮ್ಮಂದಿರಂತೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದೇ ಗಾಳದವನು ಇಂದು ಮೀನು ಯಾವ ಅಂತಸ್ತಿನಲ್ಲಿದೆಯೆಂದು ತಿಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಎರಡು ಗಾಳದವನು ಒಂದನ್ನು ತಳಕ್ಕೆ, ಇನ್ನೊಂದನ್ನು ನಡುವಿಗೆ ಬಿಡುತ್ತಾನೆ. ಒಂದಕ್ಕೆ ರಾಗಿ ಹಿಟ್ಟಿನ ಉಂಡೆ, ಇನ್ನೊಂದಕ್ಕೆ ಎರೆಹುಳು. ಉತ್ತರ ಬೇಗ ಸಿಗುತ್ತದೆ. ಆ ತರುಣ ರಾಮನಗರದ ಒಂದು ರೇಷ್ಮೆ ಬಿಚ್ಚಾಣಿಕೆಯ ಘಟಕದಲ್ಲಿ ವಾರದ ಆರು ದಿನ ಬಿಸಿನೀರಿನ ಹಬೆಯಲ್ಲಿ ದುಡಿಯುವವನು. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವನ್ನು ಪೊಟ್ಟಣ ಕಟ್ಟಿ ತಂದಿದ್ದ. ಗೆಂಡೆ ಜಾತಿಯ ಮೀನಿಗೆ ಅದು ಇಷ್ಟವಾದ ತಿನಿಸು. ಅವನಿಗಿರುವುದು ಒಂದೇ ಭಾನುವಾರ. "ನನಗೆ ದಿನ ಒಂದು, ಗಾಳ ಎರಡು, ನಿಮಗೆ ಗಾಳ ಒಂದು, ದಿನ ಏಳು" ಎಂದು ಅವನು ಹಿರಿಯರಿಗೆ ಹೇಳಿದಾಗ ನನಗೂ ಮರುಮಾತು ಹೊಳೆಯಲಿಲ್ಲ. ಗುತ್ತಿಗೆದಾರರ ಬಲೆ ಒಂದು ರಾತ್ರಿಯಲ್ಲಿ ಎಳೆಯುವುದನ್ನು ಹತ್ತು ಗಾಳಗಳು ಒಂದು ತಿಂಗಳಲ್ಲಿ ಎಳೆಯಲಾರವು ಎಂಬುದೂ ನಿಜವೇ.

ಹೊರನಾಡುಗಳ ಕಾನೂನೂ ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಇಂಗ್ಲೆಂಡಿನಲ್ಲಿ ಸಾಧಾರಣ ಪರವಾನಗಿಯೊಂದಕ್ಕೆ ಎರಡು ಗಾಳಗಳ ಅನುಮತಿಯುಂಟು. ಗೆಂಡೆ ಮೀನಿಗೆ ಮೂರನೆಯದನ್ನು ಹೂಡುವವರು ಬೇರೆ ಪರವಾನಗಿ ಪಡೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ಗಾಳಕ್ಕೆ ಹೆಚ್ಚಿನ ಹಣ ಕೊಟ್ಟು ಚೀಟಿ ಪಡೆಯಬೇಕು. ಕೆರೆ ಸರೋವರಗಳ ನಾಡೆನಿಸಿದ ಮಿನ್ನೆಸೋಟದ ಸಾಮಾನ್ಯ ನಿಯಮ ಇನ್ನೂ ಸ್ವಾರಸ್ಯವಾದುದು: ತೆರೆದ ನೀರಿನಲ್ಲಿ ಒಬ್ಬನಿಗೆ ಒಂದೇ ದಾರ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ, ಮಂಜುಗಡ್ಡೆಯನ್ನು ಕೊರೆದು ಗಾಳ ಹಾಕುವಾಗ ಎರಡು. ಅದೇ ಸರೋವರ, ಅದೇ ಮನುಷ್ಯ. ಋತು ಬದಲಾದರೆ ಲೆಕ್ಕ ಬದಲಾಗುತ್ತದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ತೀರ್ಪಿಗೆ ಇದೇ ಬುನಾದಿ.

ಈಗ ಒಂಟಿ ಗಾಳದ ಪಕ್ಷ. ಹಿರಿಯರ ಮೊದಲ ಮಾತು ಜಾಗದ್ದು. ಬೇಸಿಗೆಯಲ್ಲಿ ಕೆರೆಯ ಅಂಗಳ ಒಣಗಿ, ಆಳದ ನೀರು ತೂಬಿನ ಸುತ್ತ ಮಾತ್ರ ಉಳಿಯುತ್ತದೆ. ಅಲ್ಲಿ ನಾಲ್ಕೈದು ಮಂದಿ ಕೂರಬಹುದು. ಒಬ್ಬ ಎರಡು ಹೂಡಿದರೆ ಇನ್ನೊಬ್ಬ ಎದ್ದುಹೋಗಬೇಕು. ಎರಡನೆಯ ಮಾತು ಮೀನಿನ ಲೆಕ್ಕದ್ದು. ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗೆಯ ಕಡೆಯಿಂದ ಬಂದ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಸಾಧಾರಣವಾಗಿ ಮರಿ ಮಾಡವು. ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇವುಗಳಿಂದ ಮರಿ ಮಾಡಿಸುವ ವಿದ್ಯೆ ಒರಿಸ್ಸಾದಲ್ಲಿ 1957ರಲ್ಲಿ ಕೈಗೂಡಿತು. ಅಲ್ಲಿಂದೀಚೆಗೆ ದೇಶದ ಕೆರೆಗಳಿಗೆ ಬಿತ್ತನೆ ಮರಿ ಒದಗುವುದು ಸುಲಭವಾಯಿತು. ಎಂದರೆ ನಮ್ಮ ಕೆರೆಯ ಮೀನು ತಾನಾಗಿ ಉಕ್ಕುವ ಊಟೆಯಲ್ಲ. ಯಾರೋ ಎಣಿಸಿ, ಹಣ ಕೊಟ್ಟು ಬಿಟ್ಟ ಬೆಳೆ. ಅವರ ಅಪ್ಪಣೆ ಪಡೆದು ದಡದಲ್ಲಿ ಕೂತವನು ನೆಂಟ. ಊಟಕ್ಕೆ ಕರೆದ ಮನೆಯಲ್ಲಿ ಎರಡು ಎಲೆ ಹಾಕಿಸಿಕೊಳ್ಳುವ ನೆಂಟನನ್ನು ಯಾರೂ ಮೆಚ್ಚುವುದಿಲ್ಲ.

ಮೂರನೆಯ ಮಾತನ್ನು ಹಿರಿಯರು ಆಡಲಿಲ್ಲ. ಅದನ್ನು ನಾನೇ ಆಡಬೇಕು. ಏಕೆಂದರೆ ಅದು ನನ್ನ ತಪ್ಪಿನ ಕಥೆ.

ಹದಿನೈದು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಮಾಗಡಿಯ ಕಡೆಯ ಒಂದು ಕೆರೆಯಲ್ಲಿ ನಾನೂ ಜೋಡಿ ಗಾಳದವನಾಗಿದ್ದೆ. ನನ್ನ ಎರಡು ಗಾಳಗಳಿಗೂ ಚನ್ನಪಟ್ಟಣದ ಬೊಂಬೆ ಮಾಡುವ ಪರಿಚಿತರೊಬ್ಬರು ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿ ಕೊಟ್ಟ ಬೆಂಡುಗಳಿದ್ದವು. ಒಂದು ಹಳದಿ, ಒಂದು ಕೆಂಪು. ಹಳದಿಯನ್ನು ರೋಹುವಿಗೆಂದು ಆಳಕ್ಕೆ ಬಿಟ್ಟೆ. ಕೆಂಪನ್ನು ಇಪ್ಪತ್ತು ಮಾರು ದೂರದಲ್ಲಿ ಜೊಂಡಿನ ಅಂಚಿಗೆ, ಪೇಟೆಯಲ್ಲಿ ಮರಲ್ ಎನ್ನುವ ಕೊರವ ಮೀನಿಗೆಂದು, ಕಪ್ಪೆಮರಿ ಸಿಕ್ಕಿಸಿ ಹೂಡಿ ಬಂದೆ. ಹಳದಿ ಬೆಂಡು ಮುಳುಗಿತು. ಒಳ್ಳೆಯ ರೋಹು. ಅದನ್ನು ಆಡಿಸಿ, ದಣಿಸಿ, ದಡಕ್ಕೆ ತರುವುದರಲ್ಲಿ ಕಾಲು ಗಂಟೆ ಕಳೆಯಿತು. ಆ ಹಿಗ್ಗಿನಲ್ಲಿ ಕೆಂಪು ಬೆಂಡು ಮರೆತೇಹೋಗಿತ್ತು. ಹೋಗಿ ನೋಡಿದರೆ ಗಾಳದ ಕೋಲು ಬಾಗಿ ನೀರನ್ನು ಮುಟ್ಟುತ್ತಿತ್ತು. ಎಳೆದೆ. ಕೊರವ ಬಂತು; ಕೊಕ್ಕೆ ತುಟಿಯಲ್ಲಿರಲಿಲ್ಲ, ಹೊಟ್ಟೆಯೊಳಗಿತ್ತು. ಕೈಯಲ್ಲಿ ಹಿಡಿದ ಗಾಳದ ದಾರವನ್ನು ಹೊತ್ತಿಗೆ ಸರಿಯಾಗಿ ಜಗ್ಗಿದರೆ ಕೊಕ್ಕೆ ತುಟಿಗೆ ತಾಗುತ್ತದೆ; ಬೇಡವೆನಿಸಿದರೆ ಮೀನನ್ನು ಬಿಡಬಹುದು. ಕಾಯುವವರಿಲ್ಲದ ಗಾಳವನ್ನು ಮೀನು ನುಂಗುತ್ತದೆ. ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ.

ಬಿಡಬೇಕೆಂದು ನನಗೇಕೆ ಅನ್ನಿಸಿತೆಂದರೆ, ಜೊಂಡಿನ ಸಂದಿಯಲ್ಲಿ ಆಗ ಅವು ಕಾಣಿಸಿದವು: ಕೆಂಪು ಬಣ್ಣದ ನೂರಾರು ಮರಿಗಳು, ಹಿಡಿ ಕುಂಕುಮ ಚೆಲ್ಲಿದಂತೆ, ಉಸಿರಿಗಾಗಿ ಒಟ್ಟಿಗೆ ಮೇಲೆ ಬರುವುದು, ಒಟ್ಟಿಗೆ ಇಳಿಯುವುದು. ಮರಿಗಳನ್ನು ಬಿಟ್ಟುಹೋಗದೆ ಕಾಯುವ ಮೀನು ಕೊರವ. ಕಾವಲಿದ್ದುದು ನನ್ನ ಕೈಯಲ್ಲಿತ್ತು. ನಾನು ನಿಂತು ನೋಡುತ್ತಿದ್ದ ಹಾಗೆಯೇ ಜಿಲೇಬಿ ಮೀನುಗಳು ಆ ಕೆಂಪಿನ ಸುತ್ತ ಸೇರತೊಡಗಿದವು. 1952ರಲ್ಲಿ ಭಾರತಕ್ಕೆ ಬಂದು ಎಲ್ಲ ಕೆರೆಗಳಿಗೂ ಹಬ್ಬಿದ ಈ ಮೀನಿಗೆ ಇಂಥ ಸಮಯ ತಿಳಿಸಿ ಹೇಳಬೇಕಾಗಿಲ್ಲ. ಕೊರವನನ್ನು ಮನೆಗೆ ತಂದೆ. ಸಾರಾಯಿತು, ಉಂಡೆ. ಉಣ್ಣಲಾರದೆ ಎದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕೆಂಪು ಬೆಂಡಿನ ಗಾಳ ಅಂದಿನಿಂದ ಅಟ್ಟದ ಮೇಲಿದೆ.

ನಮ್ಮ ಹಿಂದಿನವರು ಇಂದ್ರಿಯಗಳ ಕೇಡನ್ನು ಹೇಳುವಾಗ ಐದು ಪ್ರಾಣಿಗಳನ್ನು ಎತ್ತಿಕೊಂಡರು: ಶಬ್ದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ಗಂಧಕ್ಕೆ ದುಂಬಿ, ರುಚಿಗೆ ಮೀನು. ನಾಲಗೆಯ ಚಪಲಕ್ಕೆ ಪ್ರಾಣ ತೆತ್ತ ಮೀನನ್ನು ತರಗತಿಯಲ್ಲಿ ನಾನೂ ಎಷ್ಟೋ ಸಲ ಉದಾಹರಿಸಿದ್ದೇನೆ. ದಾರದ ಈ ತುದಿಯಲ್ಲಿ ಕೂತವನ ಚಪಲದ ಮಾತನ್ನು ಮಾತ್ರ ಎತ್ತಿರಲಿಲ್ಲ. ಮೀನು ಒಂದು ತುತ್ತಿಗೆ ಬಾಯಿ ತೆರೆಯಿತು. ನಾನು ಎರಡು ಮೀನಿಗೆ ಕೈ ಚಾಚಿದ್ದೆ.

ಹಾಗೆಂದು ಜೋಡಿ ಗಾಳವೇ ಪಾಪವೆಂದು ಹೇಳಿ ಕೈ ತೊಳೆದುಕೊಂಡರೆ ಆ ತರುಣನಿಗೆ ಅನ್ಯಾಯವಾಗುತ್ತದೆ. ತಪ್ಪು ಎರಡೆಂಬ ಸಂಖ್ಯೆಯಲ್ಲಿರಲಿಲ್ಲ. ಇಪ್ಪತ್ತು ಮಾರು ದೂರದಲ್ಲಿತ್ತು. ಎರಡು ಗಾಳಗಳೂ ಕೂತಲ್ಲಿಂದಲೇ ಕೈಗೆಟುಕುವಂತಿದ್ದು, ಎರಡು ಬೆಂಡುಗಳೂ ಒಂದೇ ನೋಟಕ್ಕೆ ಕಾಣುವಂತಿದ್ದರೆ, ಅದು ಎರಡು ಬಾಯಿಯ ಒಂದೇ ಗಾಳ. ಎದ್ದು ನಡೆದು ಹೋಗಿ ನೋಡಬೇಕಾದ ಗಾಳ ಗಾಳವಲ್ಲ, ಬೋನು. ಇದು ಮೊದಲನೆಯ ಕಟ್ಟಲೆ. ಎರಡನೆಯದು ನೀರಿನದು: ಕೆರೆ ತುಂಬಿ ದಡ ಉದ್ದವಾಗಿರುವಾಗ ಎರಡು ಹೂಡಿದರೆ ಯಾರಿಗೂ ನಷ್ಟವಿಲ್ಲ; ನೀರು ತೂಬಿನ ಬಳಿಗೆ ಇಳಿದು, ಪಕ್ಕದಲ್ಲಿ ಇನ್ನೊಬ್ಬ ಕಾದು ನಿಂತಿರುವಾಗ ಎರಡನೆಯ ಗಾಳ ಕೂತಿರುವುದು ಅವನ ಜಾಗದಲ್ಲಿ. ಮೂರನೆಯದು ಮರಿಗಳದು: ಮಳೆಗಾಲದಲ್ಲಿ ಜೊಂಡಿನ ಬಳಿ ಕೆಂಪು ಮರಿಗಳ ಹಿಂಡು ಕಂಡರೆ ಎರಡಿರಲಿ, ಒಂದನ್ನೂ ಅಲ್ಲಿ ಹಾಕಬಾರದು. ಮಿನ್ನೆಸೋಟದವರು ಋತುವನ್ನು ನೋಡಿ ಗಾಳವನ್ನು ಎಣಿಸಿದಂತೆ ನಾವೂ ನಮ್ಮ ಕೆರೆಯನ್ನು ನೋಡಿ ಎಣಿಸಬೇಕು. ಇದಕ್ಕೆ ಕಾನೂನು ಕಾಯಬೇಕಾಗಿಲ್ಲ; ಏರಿಯ ಮೇಲೆ ನಿಂತು ಒಮ್ಮೆ ನೀರಿನತ್ತ, ಒಮ್ಮೆ ಪಕ್ಕದವರತ್ತ ನೋಡಿದರೆ ಸಾಕು.

ಮುಂದಿನ ಭಾನುವಾರ ಮಾತಿಗೆ ತಪ್ಪದೆ ಹೋದೆ. ನೀರು ತೂಬಿನ ಮತ್ತೊಂದು ಮೆಟ್ಟಿಲು ಇಳಿದಿತ್ತು. ಇಬ್ಬರೂ ಇದ್ದರು. ಕೊರವನ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಹಿರಿಯರು, "ಹಾಗಾದರೆ ನಾನು ಗೆದ್ದೆ" ಎಂದರು. "ಈ ತಿಂಗಳು ನೀವು, ಕೋಡಿ ಬಿದ್ದ ಮೇಲೆ ಅವನು" ಎಂದೆ. ತರುಣ ಎಡಗಡೆಯ ಗಾಳದ ದಾರವನ್ನು ನಿಧಾನವಾಗಿ ಸುತ್ತುತ್ತಾ, "ಮೊದಲು ಕೋಡಿ ಬೀಳಲಿ ಅನ್ನಿ, ಮೇಷ್ಟ್ರೇ" ಎಂದ.

"ಬೀಳಲಿ" ಎಂದರು ಹಿರಿಯರು. ಎಂದು, ಅವನಿಗೆ ನೆರಳಾಗುವಂತೆ ತಮ್ಮ ಕೊಡೆಯನ್ನು ಇತ್ತ ವಾಲಿಸಿದರು.